ಅಟ್ಟದ ತುಂಬ ಕೊಬ್ಬರಿ, ತಟ್ಟೇಲಿ ಬರೀ ಅನ್ನ

ಮೊನ್ನೆ ಮನೇಲಿ ಕೊಬ್ಬರಿ ಸುಲಿಸ್ತಿದ್ದೆ. ಮಧ್ಯಾಹ್ನ ಎಲ್ರೂ ಊಟಕ್ಕೆ ಕೂತ್ರು. ಅನ್ನ, ನೀರು ಸಾರು, ಪ್ಯಾಕೆಟ್ ಎಣ್ಣೇಲಿ ಕರಿದ ಹಪ್ಪಳ. ಸುಲಿಯೋಕೆ ಬಂದಿದ್ದ ಹಿರಿಯರೊಬ್ರು "ಮುದ್ದೆ ಮಾಡಿಲ್ವೇನಪ್ಪಾ?" ಅಂದ್ರು. ನಾಚಿಕೆ ಆಯ್ತು. ಉಳಿದಿರೋ ಒಂದೆಕರೆ ರಾಗೀನೂ ಖರೀದಿ ಕೇಂದ್ರಕ್ಕೆ ಹಾಕಿ, ಸೊಸೈಟಿ ಅಕ್ಕಿ ಉಣ್ಣೋ ರೈತ ನಾನು. ನೀವೂ ಅಷ್ಟೇ, ಮುಖ ತಿರುಗಿಸ್ಬೇಡಿ.

ಪೌಷ್ಟಿಕ ಆಹಾರ ಅಂದ್ರೆ ಡಾಕ್ಟ್ರ ವಿಷಯ, ಅಂಗನವಾಡಿ ಗೋಡೆ ಮೇಲಿನ ಚಿತ್ರ ಅಂದ್ಕೊಂಡಿದೀವಿ. ಅಲ್ಲ ಸ್ವಾಮಿ, ಅದು ನಮ್ಮ ತೆಂಗಿನ ಸಾಲಿನ ಮಧ್ಯೆ ಏನಿದೆ ಅನ್ನೋ ವಿಷಯ. ಮೊದಲು ತೋಟದ ಪಕ್ಕ ರಾಗಿ ಹೊಲ ಇರ್ತಿತ್ತು. ಅಕ್ಕಡಿ ಸಾಲಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು. ಬದುವಲ್ಲಿ ಅಣ್ಣೆ, ಗಣಿಕೆ, ಹೊನಗೊನ್ನೆ. ಅವ್ವ ಮಡಿಲು ತುಂಬ ಬೆರಕೆ ಸೊಪ್ಪು ಕಿತ್ಕೊಂಡು ಬರೋಳು. ರಾಗಿ ಹುಲ್ಲಿಗೆ ಹಸು, ಹಸುವಿಂದ ಮಜ್ಜಿಗೆ. ಆ ಹೊಲಕ್ಕೂ ತೆಂಗಿನ ಸಸಿ ಇಟ್ವಿ, ಆಮೇಲೆ ಅಡಿಕೆ. ತೋಟ ಕ್ಲೀನಾಗಿರ್ಲಿ ಅಂತ ಕಳೆನಾಶಕ ಹೊಡೆದ್ವಿ. ಕಳೆ ಅಂತ ಸುಟ್ಟಿದ್ದರಲ್ಲಿ ನಮ್ಮ ಸಾರಿನ ಸೊಪ್ಪೂ ಇತ್ತು.

"ದುಡ್ಡಿದ್ರೆ ಅಂಗಡೀಲಿ ಎಲ್ಲಾ ಸಿಗುತ್ತೆ" ಅಂತೀರಿ. ಸಿಗುತ್ತೆ, ತರ್ತೀವಾ? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಲೆಕ್ಕ ನೋಡಿ: ಒಬ್ಬರಿಗೆ ದಿನಕ್ಕೆ ಧಾನ್ಯ 250 ಗ್ರಾಂ, ಬೇಳೆಕಾಳು 85, ಸೊಪ್ಪು-ತರಕಾರಿ 400, ಹಾಲು 300 ಮಿ.ಲೀ. ಐದು ಜನರ ಮನೆಗೆ ದಿನಾ ಎರಡು ಕೆಜಿ ತರಕಾರಿ, ತಿಂಗಳಿಗೆ ಹನ್ನೆರಡು ಕೆಜಿ ಮೇಲೆ ಕಾಳು! 2023ರಲ್ಲಿ ಕೊಬ್ಬರಿ ಕ್ವಿಂಟಾಲಿಗೆ ಹತ್ತು ಸಾವಿರದೊಳಗೆ ಬಿತ್ತಲ್ಲ, ಆಗ ನಮ್ಮನೇಲಿ ಮೊದಲು ಕಮ್ಮಿ ಆಗಿದ್ದೇ ಬೇಳೆ, ತರಕಾರಿ. ಮೊಬೈಲ್ ಕರೆನ್ಸಿ ಕಮ್ಮಿ ಆಗ್ಲಿಲ್ಲ.

ಮುದ್ದೆ, ಹೆಸರುಕಾಳು ಸೊಪ್ಪಿನ ಬಸ್ಸಾರು, ಪಲ್ಯ, ಮಜ್ಜಿಗೆ. ಆ ಸಂಸ್ಥೆ ಹೇಳೋದಕ್ಕೆ ಇದೇ ಹತ್ತಿರ. 100 ಗ್ರಾಂ ರಾಗೀಲಿ ಕ್ಯಾಲ್ಸಿಯಂ ಸುಮಾರು 360 ಮಿಲಿಗ್ರಾಂ. ಪಾಲಿಶ್ ಅಕ್ಕೀಲಿ ಹತ್ತೂ ಇಲ್ಲ. ಹಾಗಂತ ಮುದ್ದೆ ಒಂದೇ ಸಾಲದು, ಜೊತೆಗೆ ಕಾಳು ಬೇಕೇ ಬೇಕು. ಕಾಳಿನ ಬದಲು ಕೊಬ್ಬರಿ ತಿಂತೀವಿ ಅನ್ನಬೇಡಿ, ಅದರಲ್ಲಿ ಹೆಚ್ಚಿರೋದು ಕೊಬ್ಬು.

ನೆರಳಲ್ಲಿ ಏನೂ ಬರಲ್ಲ ಅನ್ನೋರಿಗೆ: ಮೂವತ್ತಡಿ ಅಂತರದ ಹಳೇ ತೋಟಕ್ಕೆ ಬಿಸಿಲು ಬೀಳುತ್ತೆ. ಅಡಿಕೆ ತುಂಬಿಸ್ಕೊಂಡಿರೋರು ಹಿತ್ತಲಲ್ಲಿ ಒಂದು ನುಗ್ಗೆ ಕಡ್ಡಿಯಾದ್ರೂ ನೆಡಿ.

ನಾನು ಈ ಸಲ ಭರಣಿ ಮಳೆಗೆ ಸಾಲಿನ ಮಧ್ಯೆ ಹೆಸರು ಹಾಕ್ತಿದೀನಿ, ಆಮೇಲೆ ರಾಗಿ ಜೊತೆ ಅಕ್ಕಡಿಗೆ ಅವರೆ. ನಾಟಿ ಅವರೆ ಬೀಜ ಅವ್ವ ಬೂದೀಲಿ ಕಲಸಿ ಇಟ್ಟಿದಾಳೆ. ಬೇಕಾದೋರು ಮನೆಗೆ ಬನ್ನಿ, ಒಂದು ಪಾವು ಕೊಡ್ತೀನಿ. ಬೆಳೆದ ಮೇಲೆ ಎರಡು ಪಾವು ವಾಪಸ್ ಕೊಡ್ಬೇಕು.