ನಾಯಿಮರಿಯ ಶಿಕ್ಷಣ

ಕಳೆದ ವಾರ ನಮ್ಮ ಪರಿಚಿತರಾದ ಗೃಹಸ್ಥರೊಬ್ಬರು ಕಾರ್ಯಾಲಯಕ್ಕೆ ದಯಮಾಡಿಸಿ, ತಮ್ಮ ಮನೆಯಲ್ಲಿರುವ ನಾಯಿಮರಿಯನ್ನು ಸಾಕಲು ಇಚ್ಛಿಸುವವರಿಗೆ ಉಚಿತವಾಗಿ ಕೊಡಲಾಗುವುದೆಂದು ಒಂದು ಪ್ರಕಟಣೆಯನ್ನು ಅಚ್ಚು ಹಾಕಬೇಕೆಂದು ಕೇಳಿಕೊಂಡರು. ಮರಿಯು ಶಿಟ್ಜು ಜಾತಿಯದು. ಪ್ರಾಯ ನಾಲ್ಕು ತಿಂಗಳು. ಅದು ಯಾರನ್ನೂ ಕಚ್ಚಿಲ್ಲ, ಅದಕ್ಕೆ ರೋಗವಿಲ್ಲ, ಅದರ ಊಟಕ್ಕೂ ಹೆಚ್ಚು ಖರ್ಚಿಲ್ಲ. ಅದರ ಮೇಲಿನ ಆಪಾದನೆ ಒಂದೇ: ಮನೆಯೊಳಗೆಲ್ಲ ಹೇಸಿಗೆ ಮಾಡುತ್ತದೆ. “ಎಷ್ಟು ಹೊಡೆದರೂ ಬುದ್ಧಿ ಬರಲಿಲ್ಲ, ಸ್ವಾಮಿ, ಬೋನಿನಲ್ಲಿ ಹಾಕಿದರೆ ಬೋನಿನಲ್ಲೇ ಮಾಡಿಕೊಳ್ಳುತ್ತದೆ” ಎಂದು ಅವರು ನೊಂದು ನುಡಿದರು. ವಿಚಾರಿಸಲಾಗಿ, ಪತಿಪತ್ನಿಯರಿಬ್ಬರೂ ಬೆಳಿಗ್ಗೆ 9 ಗಂಟೆಗೆ ಕಛೇರಿಗೆ ಹೊರಟು ಸಂಜೆ 6ರ ಮೇಲೆ ಮರಳುವರೆಂದೂ, ಅಷ್ಟು ಹೊತ್ತೂ ಮರಿಯು ಬೀಗ ಹಾಕಿದ ಫ್ಲಾಟಿನೊಳಗೆ ಚಿಲಕ ಹಾಕಿದ ಬೋನಿನಲ್ಲಿರುವುದೆಂದೂ ತಿಳಿದುಬಂದಿತು. ಮೊಲದಷ್ಟು ಗಾತ್ರದ ಆ ಎಳೆಯ ಪ್ರಾಣಿಯು 9 ಗಂಟೆಗಳ ಕಾಲ ಮೂತ್ರವನ್ನು ತಡೆದುಕೊಂಡಿರಬೇಕೆಂಬುದು ಅವರ ನಿರೀಕ್ಷೆ! ನಾವು ಪ್ರಕಟಣೆಯನ್ನು ಅಚ್ಚಿಗೆ ಕಳುಹಿಸದೆ, ಅವರನ್ನು ಕುಳ್ಳಿರಿಸಿಕೊಂಡು ಮಾತನಾಡಿದೆವು. ಆ ಮಾತುಗಳು ಇನ್ನೂ ಅನೇಕ ಮನೆಗಳಿಗೆ ಅನ್ವಯಿಸುವುದರಿಂದ ಇಲ್ಲಿ ವಿಸ್ತರಿಸುತ್ತೇವೆ. ದೇಶದ ಹಿರಿಯ ಸಮಸ್ಯೆಗಳನ್ನು ಬಿಟ್ಟು ಸಂಪಾದಕರು ನಾಯಿಮರಿಯ ಉಚ್ಚೆಯ ವಿಚಾರಕ್ಕೆ ಇಳಿದರೆಂದು ನಗುವವರು ನಗಲಿ.

ನಮ್ಮ ಹಿರಿಯರು ನಾಯಿಗೆ ಇಂಥ ಪಾಠವನ್ನು ಹೇಳಿಕೊಟ್ಟದ್ದುಂಟೇ ಎಂದು ಕೆಲವರು ಕೇಳುವರು. ಇಲ್ಲ, ಅದರ ಅವಶ್ಯಕತೆಯೇ ಅವರಿಗಿರಲಿಲ್ಲ. ಆಗ ನಾಯಿಯು ಜಗಲಿಯ ಕೆಳಗೋ ಹಿತ್ತಿಲಿನಲ್ಲೋ ಮಲಗುತ್ತಿತ್ತು. ಹೊಸ್ತಿಲನ್ನು ದಾಟಿ ಒಳಗೆ ಬರುವ ಅಧಿಕಾರ ಅದಕ್ಕಿರಲಿಲ್ಲ. ಅವಸರವಾದಾಗ ಬೇಲಿಯ ಆಚೆಗೆ ಹೋಗಿಬರುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ. ಈಗ ಬೆಂಗಳೂರೇ ಮೊದಲಾದ ನಗರಗಳಲ್ಲಿ ಐದನೆಯ, ಹತ್ತನೆಯ ಅಂತಸ್ತಿನಲ್ಲಿ ಸಂಸಾರ ಹೂಡಿದವರು ಪಗ್, ಡ್ಯಾಷ್‌ಹಂಡ್, ಶಿಟ್ಜು, ಪೊಮೆರೇನಿಯನ್ ಮೊದಲಾದ ಚಿಕ್ಕ ಜಾತಿಯ ಮರಿಗಳನ್ನು ತರುತ್ತಿರುವರು. (ನಮ್ಮಲ್ಲಿ ಪೊಮೆರೇನಿಯನ್ ಎಂದು ಕರೆಯಿಸಿಕೊಳ್ಳುವವುಗಳಲ್ಲಿ ಬಹಳಷ್ಟು ವಾಸ್ತವದಲ್ಲಿ ಇಂಡಿಯನ್ ಸ್ಪಿಟ್ಸ್ ಎಂಬ ಬೇರೆ ಜಾತಿಯವು, ಅದಿರಲಿ.) 2003ರಲ್ಲಿ ಮೊಬೈಲ್ ಕಂಪೆನಿಯೊಂದರ ಜಾಹೀರಾತಿನಲ್ಲಿ ಪಗ್ ನಾಯಿಯೊಂದು ಬಾಲಕನ ಬೆನ್ನ ಹಿಂದೆಯೇ ಓಡಾಡಿದ್ದನ್ನು ಕಂಡು ಎಷ್ಟೋ ಮನೆಗಳ ಮಕ್ಕಳು ಹಠ ಹಿಡಿದರು. ಆ ಜಾಹೀರಾತಿನಲ್ಲಿ ನೆಲ ಒರೆಸುವ ದೃಶ್ಯವೊಂದೂ ಇರಲಿಲ್ಲವೆಂಬುದು ಮರಿ ಮನೆಗೆ ಬಂದ ಮೇಲೆ ತಂದೆತಾಯಿಗಳಿಗೆ ನೆನಪಾಗಿರಬೇಕು. ಈ ಮನೆಗಳಲ್ಲಿ ಹಿತ್ತಿಲಿಲ್ಲ, ಬೇಲಿಯಿಲ್ಲ. ಬಾಗಿಲು ಸದಾ ಮುಚ್ಚಿರುವುದು. ತೆರೆದರೂ ಆಚೆಗಿರುವುದು ಲಿಫ್ಟು. ಬಾಗಿಲನ್ನು ಮುಚ್ಚಿದವರು ನಾವು. ಆದಕಾರಣ ಅದನ್ನು ಯಾವಾಗ ತೆರೆಯಬೇಕೆಂಬುದನ್ನು ಅರಿತಿರಬೇಕಾದವರೂ ನಾವೇ ಹೊರತು ಮರಿಯಲ್ಲ. ನಮ್ಮ ಅಭಿಪ್ರಾಯದಲ್ಲಿ ಈ ವಿಷಯದ ಮರ್ಮವೆಲ್ಲ ಇಲ್ಲಿಯೇ ಇರುವುದು.

ನಾಯಿಯು ಸ್ವಭಾವತಃ ಹೊಲಸು ಪ್ರಾಣಿಯಲ್ಲ. ಹುಟ್ಟಿದ ಮೊದಲ ಎರಡು ಮೂರು ವಾರ ತಾಯಿಯು ನೆಕ್ಕಿದರೆ ಮಾತ್ರ ಮರಿಗೆ ವಿಸರ್ಜನೆಯಾಗುವುದು. ತಾಯಿಯೇ ಅದನ್ನು ಶುಚಿ ಮಾಡುವಳು. ಕಾಲಿಗೆ ಬಲ ಬಂದೊಡನೆ ಮರಿಯು ತಾನು ಮಲಗುವ ಜಾಗವನ್ನು ಬಿಟ್ಟು ತುಸು ದೂರ ಹೋಗಿ ಕುಳಿತುಕೊಳ್ಳುವುದು. ಎಂಟು ಒಂಬತ್ತು ವಾರಗಳಾಗುವಷ್ಟರಲ್ಲಿ ಹುಲ್ಲೋ ಮಣ್ಣೋ ಸಿಮೆಂಟೋ, ಯಾವುದರ ಮೇಲೆ ರೂಢಿಯಾಗಿರುವುದೋ ಅದನ್ನೇ ಹುಡುಕತೊಡಗುವುದು. ಎಂದರೆ ಅರ್ಧ ಪಾಠವನ್ನು ಕಲಿತೇ ಅದು ನಮ್ಮ ಮನೆಗೆ ಬರುತ್ತದೆ. ಆದರೆ ಮರಿಗಳನ್ನು ತಂತಿಯ ಬೋನುಗಳಲ್ಲಿ ಒತ್ತೊತ್ತಾಗಿ ತುಂಬಿ, ತಮ್ಮ ಹೇಸಿಗೆಯ ಮೇಲೆಯೇ ಮಲಗುವಂತೆ ಮಾಡುವ ವ್ಯಾಪಾರಿಗಳಿಂದ ಕೊಂಡು ತಂದಲ್ಲಿ, ಆ ಅರ್ಧ ಪಾಠವೂ ಅಳಿಸಿಹೋಗಿರುವ ಸಂಭವವುಂಟು. ಎಂಟು ವಾರ ತುಂಬದ ಮರಿಯನ್ನು ಮಾರಕೂಡದೆಂದು 2017ರ ನಾಯಿ ತಳಿವರ್ಧನೆ ಮತ್ತು ಮಾರಾಟದ ನಿಯಮಗಳು ವಿಧಿಸಿವೆ. ಕೊಳ್ಳುವವರು ಮರಿಯ ಮುಖವನ್ನು ಮಾತ್ರ ನೋಡಿ ಹಣ ತೆರದೆ, ಅದರ ತಾಯಿಯನ್ನೂ ಅದು ಮಲಗುವ ನೆಲವನ್ನೂ ನೋಡತಕ್ಕದ್ದು.

ಮರಿಗೆ ಅವಸರವಾಗುವ ಕಾಲಗಳು ಗೂಢವಾದವುಗಳಲ್ಲ. ನಿದ್ರೆಯಿಂದ ಎದ್ದೊಡನೆ, ಉಂಡ ಕಾಲು ಗಂಟೆ ಅರ್ಧ ಗಂಟೆಯೊಳಗೆ, ಆಟವಾಡಿ ಮುಗಿಸಿದ ಮೇಲೆ, ರಾತ್ರಿ ಮಲಗುವ ಮುಂಚೆ ಅದನ್ನು ಗೊತ್ತಾದ ಒಂದೇ ಸ್ಥಳಕ್ಕೆ ಎತ್ತಿಕೊಂಡು ಹೋಗಬೇಕು. ಅಲ್ಲಿ ಅದರೊಡನೆ ಆಟಕ್ಕೆ ತೊಡಗದೆ ಸುಮ್ಮನೆ ನಿಂತಿರಬೇಕು. ಕೆಲಸ ಮುಗಿದ ಕೂಡಲೇ, ಮನೆಗೆ ಮರಳಿದ ಮೇಲಲ್ಲ, ಅಲ್ಲಿಯೇ ಒಂದು ಚೂರು ತಿಂಡಿ ಕೊಟ್ಟು ಹೊಗಳಬೇಕು. ಎಷ್ಟು ಹೊತ್ತು ತಡೆದುಕೊಳ್ಳಬಲ್ಲುದೆಂಬುದಕ್ಕೆ ಒಂದು ಸ್ಥೂಲವಾದ ಲೆಕ್ಕವಿದೆ: ಪ್ರಾಯದ ತಿಂಗಳುಗಳಿಗೆ ಒಂದನ್ನು ಕೂಡಿಸಿದರೆ ಬರುವಷ್ಟು ಗಂಟೆಗಳು. ಎರಡು ತಿಂಗಳಿನದಕ್ಕೆ 3 ಗಂಟೆ, ಮೂರು ತಿಂಗಳಿನದಕ್ಕೆ 4. ಇದು ಪರಮಾವಧಿಯೇ ಹೊರತು ನಿತ್ಯದ ಕ್ರಮವಲ್ಲ. ಎಚ್ಚರವಿದ್ದು ಓಡಾಡುವ ಎರಡು ತಿಂಗಳ ಮರಿಯನ್ನು ಗಂಟೆಗೊಮ್ಮೆ ಕರೆದೊಯ್ದರೂ ಹೆಚ್ಚಲ್ಲ. ಚಿಕ್ಕ ಜಾತಿಗಳ ಮಟ್ಟಿಗಂತೂ ಈ ಲೆಕ್ಕದಲ್ಲಿ ಇನ್ನೂ ಒಂದು ಗಂಟೆಯನ್ನು ತಗ್ಗಿಸುವುದು ಲೇಸು. ಅವುಗಳ ಮೂತ್ರಕೋಶ ಚಿಕ್ಕದು. ಮೇಲಾಗಿ ಅವು ದಿನಕ್ಕೆ ಮೂರು ನಾಲ್ಕು ಸಲ ಉಣ್ಣಬೇಕು. ಬಹಳ ಹೊತ್ತು ಉಪವಾಸವಿದ್ದರೆ ರಕ್ತದಲ್ಲಿನ ಸಕ್ಕರೆ ಇಳಿದು ನಡುಗಿ ಬಿದ್ದುಬಿಡುವುದುಂಟು. ನೆಲ ಒದ್ದೆಯಾಗಬಾರದೆಂದು ಅನ್ನವನ್ನು ಕಡಿಮೆ ಮಾಡುವ, ನೀರಿನ ಬಟ್ಟಲನ್ನು ಎತ್ತಿಡುವ ಬುದ್ಧಿವಂತರು ಇದನ್ನು ಗಮನಿಸಬೇಕು.

ಚಿಕ್ಕ ನಾಯಿಗಳಿಗೆ ಈ ಅಭ್ಯಾಸ ಹತ್ತುವುದಿಲ್ಲವೆಂಬ ಅಪವಾದಕ್ಕೆ ನಮಗೆ ತೋರುವ ಇನ್ನೊಂದು ಕಾರಣವುಂಟು. ಆಲ್ಸೇಷಿಯನ್ ನಾಯಿಯು ನಡುಮನೆಯಲ್ಲಿ ಹಳ್ಳ ಹರಿಸಿದರೆ ಮನೆಯವರೆಲ್ಲ ಎಚ್ಚತ್ತುಕೊಳ್ಳುವರು. ಪಗ್ ಮರಿಯು ಸೋಫಾದ ಮಗ್ಗುಲಲ್ಲಿ ನಾಲ್ಕು ಹನಿ ಬಿಟ್ಟರೆ ಯಾರೂ ಕಾಣುವುದಿಲ್ಲ. ಕಂಡರೂ ಮನೆಗೆಲಸದಾಕೆ ಒರೆಸುವಳೆಂಬ ಧೈರ್ಯ. ಇಲ್ಲಿ ಆಕೆಗಾಗಿಯೂ ಒಂದು ಮಾತನ್ನು ಹೇಳಲೇಬೇಕಾಗಿದೆ. ಮರಿಯ ಮುದ್ದು ಯಜಮಾನರಿಗೆ, ಮಲಮೂತ್ರ ಆಕೆಗೆ ಎಂಬ ವಿಭಾಗವನ್ನು ಯಾವ ನ್ಯಾಯಶಾಸ್ತ್ರವೂ ಒಪ್ಪಲಾರದು. ತಾವೇ ಒರೆಸಿದ ಯಜಮಾನರು ಗಡಿಯಾರವನ್ನು ನೋಡಲು ಬೇಗ ಕಲಿಯುವರು. ಒರೆಸುವುದಾದರೂ ಫಿನಾಯಿಲ್ ಸುರಿದು ನಮ್ಮ ಮೂಗನ್ನು ತೃಪ್ತಿಪಡಿಸಿದರೆ ಸಾಲದು. ನಾಯಿಯ ಮೂಗಿಗೆ ಹಳೆಯ ವಾಸನೆ ಸಿಕ್ಕುತ್ತಲೇ ಇರುವುದು, ಅದು ಮತ್ತೆ ಅಲ್ಲಿಗೇ ಬರುವುದು. ಮೂತ್ರದ ಅಂಶವನ್ನೇ ಒಡೆಯುವ ಎನ್‌ಜೈಮ್ ದ್ರಾವಣಗಳು ಈಗ ಅಂಗಡಿಗಳಲ್ಲಿ ದೊರೆಯುತ್ತವೆ. ಅಮೋನಿಯ ಬೆರೆತ ದ್ರವಗಳು ಮಾತ್ರ ಬೇಡ. ಅವುಗಳ ವಾಸನೆಯೇ ಮೂತ್ರವನ್ನು ಹೋಲುವುದು.

ಇನ್ನು ಬೋನಿನ ವಿಚಾರ. ಪಶ್ಚಿಮ ದೇಶಗಳಿಂದ ಬಂದ ಈ ಕ್ರೇಟ್ ಎಂಬ ಪೆಟ್ಟಿಗೆಯನ್ನು ನಮ್ಮಲ್ಲಿ ಕೆಲವರು ಗೂಡು ಎನ್ನುವರು, ಕೆಲವರು ಬೋನು ಎನ್ನುವರು; ಉಪಯೋಗಿಸುವ ರೀತಿಯನ್ನು ನೋಡಿದರೆ ಎರಡೂ ನಿಜ. ಮರಿಯು ನಿಲ್ಲಲು, ತಿರುಗಲು, ಕಾಲು ಚಾಚಿ ಮಲಗಲು ಸಾಕಾಗುವಷ್ಟೇ ಅಳತೆ ಇದ್ದರೆ ಅದು ಅಲ್ಲಿ ಹೇಸಿಗೆ ಮಾಡಲು ಹಿಂಜರಿಯುವುದು. ಅತಿ ದೊಡ್ಡದಾದರೆ ಒಂದು ಮೂಲೆಯನ್ನು ಪಾಯಿಖಾನೆಯಾಗಿಯೂ ಇನ್ನೊಂದನ್ನು ಶಯ್ಯಾಗೃಹವಾಗಿಯೂ ಮಾಡಿಕೊಳ್ಳುವುದು. ಮೊದಲ ಕೆಲವು ದಿನ ಬಾಗಿಲನ್ನು ತೆರೆದಿಟ್ಟು ಊಟವನ್ನು ಅದರೊಳಗೇ ಇಡಬೇಕು. ಮರಿಯು ತಾನಾಗಿ ಹೋಗಿ ಮಲಗತೊಡಗಿದ ಮೇಲೆ ಒಂದು ನಿಮಿಷ, ಐದು ನಿಮಿಷ, ಹತ್ತು ನಿಮಿಷವೆಂದು ಕ್ರಮವಾಗಿ ಬಾಗಿಲು ಹಾಕಬೇಕು. ರಾತ್ರಿ ಅದನ್ನು ಹಾಸಿಗೆಯ ಪಕ್ಕದಲ್ಲಿಟ್ಟುಕೊಂಡು, ಮರಿಯು ಕುಂಯ್‌ಗುಟ್ಟಿದರೆ ಒಂದೆರಡು ಸಲ ಎದ್ದು ಹೊರಗೆ ಕೊಂಡೊಯ್ಯಬೇಕು. ತಪ್ಪು ಮಾಡಿದಾಗ ತಳ್ಳುವ ಸೆರೆಮನೆಯಾಗಿ ಅದನ್ನು ಎಂದಿಗೂ ಉಪಯೋಗಿಸಬಾರದು. ನಮ್ಮ ಬೇಸಗೆಯಲ್ಲಿ ಅದನ್ನು ಬಿಸಿಲು ಬೀಳುವ ಬಾಲ್ಕನಿಯಲ್ಲಿಡುವುದಂತೂ ಕೂಡದು. ಪಗ್, ಶಿಟ್ಜುಗಳಂಥ ಮೊಂಡು ಮೂಗಿನ ನಾಯಿಗಳು ಉಸಿರಿನ ಮೂಲಕ ತಾಪವನ್ನು ಹೊರಗೆಡಹಲಾರದೆ ಸೆಖೆಯಲ್ಲಿ ಪ್ರಾಣವನ್ನೇ ಕಳೆದುಕೊಂಡಾವು.

ತೋಳವು ಗುಹೆಯಲ್ಲಿರುವುದರಿಂದ ನಾಯಿಗೂ ಬೋನು ಸಹಜವೆಂದು ವಾದಿಸುವರಷ್ಟೆ. ತೋಳವು ಗುಹೆಯನ್ನು ಆಶ್ರಯಿಸುವುದು ಮರಿ ಹಾಕಿ ಸಾಕುವ ಕಾಲದಲ್ಲಿ ಮಾತ್ರ. ಆ ಗುಹೆಗೆ ಹೊರಗಿನಿಂದ ಚಿಲಕವೂ ಇರುವುದಿಲ್ಲ. ಸ್ವೀಡನ್ ದೇಶದಲ್ಲಿ ಪ್ರಯಾಣವೇ ಮುಂತಾದ ಗೊತ್ತಾದ ಸಂದರ್ಭಗಳನ್ನುಳಿದು ನಾಯಿಯನ್ನು ಬೋನಿನಲ್ಲಿ ಕೂಡಿಹಾಕುವುದೇ ನಿಷಿದ್ಧವಾಗಿದೆ. ನಾವು ಅಷ್ಟು ದೂರ ಹೋಗುವುದಿಲ್ಲ. ಎರಡು ಮೂರು ಗಂಟೆಗಳ ಮಟ್ಟಿಗೆ ಬೋನು ಸಹಾಯಕವೆಂದೇ ನಮ್ಮ ಮತ. ಆದರೆ ನಮ್ಮಲ್ಲಿಯೂ ಕಾನೂನು ಇಲ್ಲದೆ ಇಲ್ಲ. 1960ರ ಪ್ರಾಣಿ ಹಿಂಸೆ ನಿವಾರಣಾ ಕಾಯಿದೆಯ 11ನೆಯ ಪ್ರಕರಣವು, ಅಲುಗಾಡಲು ಸಾಕಷ್ಟು ಅವಕಾಶವಿಲ್ಲದ ಬೋನಿನಲ್ಲಿ ಪ್ರಾಣಿಯನ್ನು ಇಡುವುದನ್ನೂ, ಸದಾ ಕಟ್ಟಿಹಾಕಿದ ಅಥವಾ ಕೂಡಿಹಾಕಿದ ನಾಯಿಗೆ ಯುಕ್ತವಾದ ವ್ಯಾಯಾಮವನ್ನು ಕೊಡದಿರುವುದನ್ನೂ ಅಪರಾಧವೆಂದು ಎಣಿಸುತ್ತದೆ. ಮೊದಲ ಸಲದ ತಪ್ಪಿಗೆ ಕಾಯಿದೆಯು ವಿಧಿಸಿದ ದಂಡ 10 ರೂಪಾಯಿಯಿಂದ 50 ರೂಪಾಯಿ. ಈಗ ಬೋನಿನ ಚಿಲಕವೂ ಆ ಬೆಲೆಗೆ ಬಾರದು. ಆದುದರಿಂದ ಕಾನೂನಿನ ಭಯವನ್ನು ನಾವು ಯಾರಿಗೂ ತೋರಿಸುತ್ತಿಲ್ಲ. ಇಡೀ ದಿನ ಮನೆಯಲ್ಲಿ ಇರಲಾರದವರು ಬೋನಿನ ಬದಲು ಒಂದು ಮೂಲೆಗೆ ಬೇಲಿ ಕಟ್ಟಿ, ಒಂದು ಕಡೆ ಹಾಸಿಗೆ, ಇನ್ನೊಂದು ಕಡೆ ಹುಲ್ಲಿನ ಟ್ರೇ ಅಥವಾ ಕಾಗದ ಹಾಕಲಿ. ಮಧ್ಯಾಹ್ನ ಒಮ್ಮೆಯಾದರೂ ಯಾರಾದರೂ ಬಂದು ನೋಡುವ ಏರ್ಪಾಡು ಮಾಡಲಿ. ಅದೂ ಸಾಧ್ಯವಿಲ್ಲವಾದರೆ ಮರಿಯನ್ನು ತರುವುದು ಬೇಡ.

ಹೊಡೆಯುವ ವಿಷಯದಲ್ಲಿ ನಮ್ಮ ಕೈಯೂ ಶುದ್ಧವಲ್ಲವೆಂದು ಒಪ್ಪಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ನಮ್ಮ ಮಗಳ ಹಠಕ್ಕೆ ಡ್ಯಾಷ್‌ಹಂಡ್ ಮರಿಯೊಂದು ಮನೆಗೆ ಬಂದಿತು. ಅದು ನಡುಮನೆಯಲ್ಲಿ ಒದ್ದೆ ಮಾಡಿದಾಗಲೆಲ್ಲ ಅದರ ಮೂಗನ್ನು ಅಲ್ಲಿಗೆ ಒತ್ತಿ, ಕೈಗೆ ಸಿಕ್ಕ ಪತ್ರಿಕೆಯನ್ನು ಸುರುಳಿ ಸುತ್ತಿ ಬಾರಿಸಿದೆವು. ಫಲವೇನಾಯಿತು? ಮರಿಯು ನಮ್ಮೆದುರಿಗೆ ಕುಳಿತುಕೊಳ್ಳುವುದನ್ನು ಬಿಟ್ಟು ಮಂಚದ ಕೆಳಗೆ ಹೋಗಿ ಮಾಡತೊಡಗಿತು. ಯಜಮಾನನ ಕಣ್ಣಿಗೆ ಬೀಳಬಾರದೆಂಬ ಪಾಠವೊಂದನ್ನೇ ಅದು ಕಲಿತದ್ದು. ವೈದ್ಯರು ಮರಿಯನ್ನು ಬೀದಿಗೆ ಇಳಿಸದೆ ಬಾಲ್ಕನಿಯಲ್ಲಿ ಕಾಗದ ಹಾಸಿ ಅಭ್ಯಾಸ ಮಾಡಿಸಿರೆಂದು ಹೇಳಿದಾಗ ಇನ್ನೊಂದು ಫಲವೂ ತಿಳಿಯಿತು. ಪತ್ರಿಕೆಯ ಹಾಳೆಯನ್ನು ಬಿಡಿಸುವ ಸದ್ದು ಕೇಳಿದೊಡನೆಯೇ ಮರಿಯು ನಡುಗಿ ಓಡುತ್ತಿತ್ತು! ಪತ್ರಿಕೆಯವರ ಮನೆಯಲ್ಲಿ ಪತ್ರಿಕೆಯ ಮೇಲಿನ ಈ ಭೀತಿಯನ್ನು ಹೋಗಲಾಡಿಸಲು ನಮಗೆ ಮೂರು ವಾರ ಹಿಡಿಯಿತು. ಕೊನೆಗೆ ನಮ್ಮ ಸಂಪಾದಕೀಯ ಪುಟವನ್ನೇ ಅದು ಸ್ವೀಕರಿಸಿತೆಂಬುದನ್ನು ನಮ್ಮ ವಿರೋಧಿಗಳ ಸಂತೋಷಕ್ಕಾಗಿ ಇಲ್ಲಿ ದಾಖಲು ಮಾಡುತ್ತೇವೆ.

“ಅದಕ್ಕೆ ತಪ್ಪು ಗೊತ್ತು, ಮುಖ ನೋಡಿದರೆ ತಿಳಿಯುವುದಿಲ್ಲವೇ?” ಎನ್ನುವವರಿದ್ದಾರೆ. ಅಲೆಕ್ಸಾಂಡ್ರಾ ಹೊರೊವಿಟ್ಸ್ ಎಂಬ ಅಮೆರಿಕದ ವಿದುಷಿ 2009ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಅವರು ತಿಳಿಯಬೇಕು. 14 ನಾಯಿಗಳಿಗೆ ತಿಂಡಿಯನ್ನು ಮುಟ್ಟಬಾರದೆಂದು ಹೇಳಿ ಯಜಮಾನರನ್ನು ಹೊರಗೆ ಕಳುಹಿಸಿ, ನಾಯಿ ತಿಂದಿತೋ ಇಲ್ಲವೋ ಎಂಬುದನ್ನು ಕೆಲವೊಮ್ಮೆ ಯಜಮಾನರಿಗೆ ತಪ್ಪಾಗಿ ತಿಳಿಸಿದರು. ಆ ಅಪರಾಧಿಯ ಮುಖಭಾವವು ಬೈದಾಗ ಹೆಚ್ಚಾಗಿ ಕಂಡಿತೇ ವಿನಾ, ತಿಂದ ನಾಯಿಗೂ ತಿನ್ನದ ನಾಯಿಗೂ ಭೇದವನ್ನು ತೋರಿಸಲಿಲ್ಲ. ನಾಯಿಯು ಯಜಮಾನನ ಸಿಟ್ಟನ್ನು ಓದುತ್ತಿತ್ತು, ತನ್ನ ತಪ್ಪನ್ನಲ್ಲ. ಗಂಟೆಯ ಹಿಂದೆ ಆದದ್ದಕ್ಕೆ ಈಗ ಹೊಡೆದರೆ ಮರಿಗೆ ಎರಡಕ್ಕೂ ಸಂಬಂಧವೇ ತೋರದು. ಸಂಸ್ಕೃತದಲ್ಲಿ ಶಿಕ್ಷಾ ಎಂದರೆ ಕಲಿಕೆ. ಕನ್ನಡಕ್ಕೆ ಬರುವಷ್ಟರಲ್ಲಿ ಅದು ದಂಡನೆಯೂ ಆಯಿತು. ಪಾಠಶಾಲೆಯಲ್ಲಿ ಈ ಎರಡು ಅರ್ಥಗಳನ್ನೂ ನಮ್ಮ ಬೆನ್ನ ಮೇಲೆಯೇ ಕಲಿತ ನಾವು, ಮರಿಗೆ ಮೊದಲನೆಯ ಅರ್ಥವೊಂದೇ ಸಾಕೆಂದು ಹೇಳಬಲ್ಲೆವು.

ವೈದ್ಯರ ಮಾತು ಬಂದುದರಿಂದ ಇದನ್ನೂ ಹೇಳಿಬಿಡುತ್ತೇವೆ. ಪಾರ್ವೊ ಎಂಬ ಮಾರಕ ವೈರಸ್ಸು ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುವಂಥದು. ಮರಿಯ ಚುಚ್ಚುಮದ್ದುಗಳ ಸರಣಿಯು ಸುಮಾರು 16 ವಾರಗಳವರೆಗೆ ನಡೆಯುವುದು. ಅದು ಮುಗಿಯುವ ತನಕ ಬೀದಿ, ಉದ್ಯಾನ, ಅನ್ಯ ನಾಯಿಗಳು ಓಡಾಡುವ ಮೂಲೆಗಳು ಬೇಡವೆಂದರೆ, ಬಾಲ್ಕನಿಯೋ ತಾರಸಿಯೋ ಶಾಲೆಯಾಗಬೇಕು. ಆಮೇಲೆ ಅಲ್ಲಿಯ ಹುಲ್ಲಿನ ಟ್ರೇಯನ್ನು ಸ್ವಲ್ಪ ಸ್ವಲ್ಪವಾಗಿ ಕೆಳಗಿನ ಹುಲ್ಲಿಗೆ ಬದಲಿಸಿಕೊಳ್ಳಬೇಕು. ನಡುವೆ ತಪ್ಪುಗಳಾಗುವುವು. ಆರು ತಿಂಗಳು, ಕೆಲವಕ್ಕೆ ಒಂದು ವರ್ಷವೂ ಹಿಡಿದೀತು. ಕಲಿತ ಮರಿಯು ಇದ್ದಕ್ಕಿದ್ದಂತೆ ಮತ್ತೆ ಮತ್ತೆ ಒದ್ದೆ ಮಾಡತೊಡಗಿದರೆ ಅದು ಹಠವಲ್ಲ, ಮೂತ್ರದ ಬೇನೆಯಿದ್ದೀತು; ಪಶುವೈದ್ಯರಲ್ಲಿಗೆ ಹೋಗುವುದು. ಯಜಮಾನರು ಬಂದ ಸಂಭ್ರಮದಲ್ಲಿ ನಾಲ್ಕು ಹನಿ ಸೋರಿದರೆ ಅದನ್ನು ಕಾಣದವರಂತೆ ಇರುವುದು.

ಆ ಗೃಹಸ್ಥರು ಇವೆಲ್ಲವನ್ನೂ ಕೇಳಿ, ಗಡಿಯಾರದ ಲೆಕ್ಕವನ್ನು ಕಾಗದದಲ್ಲಿ ಗುರುತು ಹಾಕಿಕೊಂಡು ಹೋದರು. ಮಧ್ಯಾಹ್ನ 12 ಗಂಟೆಗೊಮ್ಮೆ, 3 ಗಂಟೆಗೊಮ್ಮೆ ಬಂದು ಮರಿಯನ್ನು ಹೊರಗೆ ಬಿಡಲು ಕೆಳಗಿನ ಅಂತಸ್ತಿನ ನಿವೃತ್ತ ಮಾಸ್ತರರೊಬ್ಬರು ಒಪ್ಪಿರುವರೆಂದು ಮೊನ್ನೆ ತಿಳಿಸಿದ್ದಾರೆ. ಪ್ರಕಟಣೆಯ ಚೀಟಿ ಇನ್ನೂ ನಮ್ಮ ಮೇಜಿನ ಖಾನೆಯಲ್ಲಿದೆ. ಒಂದು ತಿಂಗಳು ಅದನ್ನು ಅಲ್ಲಿಯೇ ಇಟ್ಟುಕೊಂಡಿರಬೇಕೆಂದು ಅವರೇ ಕೇಳಿಕೊಂಡಿರುವರು.