ಇಸಿಜಿ ಸರಿಯಿದೆ ಎಂದ ಮೇಲೂ ಕೇಳಬೇಕಾದ ಪ್ರಶ್ನೆ

ಚಿಕ್ಕ ವಯಸ್ಸಿನವರು ಇದ್ದಕ್ಕಿದ್ದಂತೆ ಕುಸಿದು ತೀರಿಕೊಂಡರೆ ಊರ ಬಾಯಲ್ಲಿ ಅದಕ್ಕೀಗ ಒಂದೇ ಹೆಸರು, ಹಾರ್ಟ್ ಅಟ್ಯಾಕ್. 2025ರಲ್ಲಿ ಹಾಸನ ಜಿಲ್ಲೆಯ ಸಾವುಗಳ ಸುದ್ದಿ ಹಬ್ಬಿದಾಗ ರಾಜ್ಯ ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದ ತಜ್ಞರ ಸಮಿತಿಯಿಂದ ಪರಿಶೀಲನೆ ಮಾಡಿಸಿತು. ಆಸ್ಪತ್ರೆಯ ಹೊರಗಿನ ಹಠಾತ್ ಸಾವುಗಳಿಗೆ ಮರಣೋತ್ತರ ಪರೀಕ್ಷೆ ಕಡ್ಡಾಯ, ಶಾಲೆಗಳಲ್ಲಿ 15 ವರ್ಷದ ಮಕ್ಕಳಿಗೆ ಹೃದಯ ತಪಾಸಣೆ ಎಂದು ಪ್ರಕಟಿಸಿತು. ಎರಡನೆಯದಕ್ಕೆ ಎಲ್ಲರೂ ತಲೆದೂಗಿದರು. ಮೊದಲನೆಯದನ್ನು ಬಹಳ ಜನ ಗಮನಿಸಲಿಲ್ಲ. ನನ್ನ ಲೆಕ್ಕದಲ್ಲಿ ಹೆಚ್ಚು ಬೆಲೆಯುಳ್ಳದ್ದು ಮೊದಲನೆಯದೇ. ಎದೆನೋವು, ಏದುಸಿರು, ತಲೆಸುತ್ತಿ ಬೀಳುವುದು, ಎಲ್ಲವೂ ಹೃದಯದಿಂದಲೇ ಬರಬೇಕೆಂದಿಲ್ಲ. ಶ್ವಾಸಕೋಶದ ರಕ್ತನಾಳಕ್ಕೆ ಹೆಪ್ಪುಗಟ್ಟಿದ ರಕ್ತ ಸಿಕ್ಕಿಕೊಂಡರೂ ಹೊರಗೆ ಕಾಣುವುದು ಇದೇ. ಯಾವುದರಿಂದ ಸತ್ತರೆಂದು ತಿಳಿಯದಿದ್ದರೆ ಯಾವುದಕ್ಕೆ ಚಿಕಿತ್ಸೆ ಸಿದ್ಧವಿರಬೇಕೆಂದೂ ತಿಳಿಯುವುದಿಲ್ಲ.

ಈ ಹೆಪ್ಪು ಸಾಮಾನ್ಯವಾಗಿ ಕಾಲಿನ ಅಥವಾ ಹೊಟ್ಟೆಯ ಕೆಳಭಾಗದ ಒಳನಾಳಗಳಲ್ಲಿ ಹುಟ್ಟುತ್ತದೆ. ಅದರ ತುಂಡು ಕಳಚಿ ಹೃದಯದ ಬಲಭಾಗ ದಾಟಿ ಶ್ವಾಸಕೋಶದ ನಾಳಕ್ಕೆ ಹೋಗಿ ನಿಲ್ಲುತ್ತದೆ. ವಯಸ್ಸಾದವರ ಕಾಯಿಲೆ ಎಂದು ನಾವೆಲ್ಲ ನಂಬಿದ್ದೇವೆ. 2025ರ ಆಗಸ್ಟ್‌ನಲ್ಲಿ ರಕ್ತನಾಳ ಶಸ್ತ್ರಚಿಕಿತ್ಸಕರೊಬ್ಬರು ಪಾಡ್‌ಕಾಸ್ಟ್‌ನಲ್ಲಿ ಹೇಳಿದ 18ರ ಹುಡುಗಿಯ ವಿಷಯ ಆ ನಂಬಿಕೆಯನ್ನು ಕೊಂಚ ಅಲುಗಿಸಿತು. ಮನೆಯ ಪೂಜೆಗೆಂದು ಆಕೆ ಮುಟ್ಟು ಮುಂದೂಡುವ ಹಾರ್ಮೋನ್ ಮಾತ್ರೆ ತೆಗೆದುಕೊಂಡಿದ್ದಳು. ಕಾಲು ಊದಿ ನೋವು ಬಂತು; ಹೆಪ್ಪು ಹೊಟ್ಟೆಯ ನಾಳದವರೆಗೂ ಏರಿತ್ತು. ಆ ರಾತ್ರಿಯೇ ಸೇರಿಸಿ ಎಂದು ವೈದ್ಯರು ಹೇಳಿದರೂ ಬೆಳಿಗ್ಗೆ ನೋಡೋಣ ಎಂದ ಮನೆಯವರಿಗೆ ಬೆಳಗಾಗುವುದರೊಳಗೆ ಮಗಳಿಲ್ಲ. ಮಲೆನಾಡಿನಲ್ಲೂ ಗೌರಿ ಹಬ್ಬ, ಮದುವೆ, ಗೃಹಪ್ರವೇಶದ ಮುಂಚೆ ಈ ಮಾತ್ರೆ ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಕೈಬದಲಾಗುವುದು ಗುಟ್ಟೇನಲ್ಲ. ಮಾತ್ರೆ ನುಂಗಿದ ಎಲ್ಲರಿಗೂ ಹೀಗಾಗುವುದಿಲ್ಲ, ನಿಜ. ಆದರೆ ಊದಿದ ಕಾಲು ಮತ್ತು ಏದುಸಿರಿನೊಂದಿಗೆ ಬಂದ ಹುಡುಗಿಯನ್ನು ಏನು ಮಾತ್ರೆ ತಗೊಂಡಿದ್ದೆ ಎಂದು ಕೇಳುವುದಕ್ಕೆ ಯಾವ ಯಂತ್ರವೂ ಬೇಕಿಲ್ಲ. ಅಪ್ಪ-ಅಣ್ಣಂದಿರನ್ನು ಎರಡು ನಿಮಿಷ ಹೊರಗೆ ಕಳಿಸಿದರೆ ಸಾಕು.

ಇಷ್ಟು ಅಪರೂಪದ ಕಾಯಿಲೆಗೆ ತಾಲ್ಲೂಕು ಮಟ್ಟದಲ್ಲಿ ಏಕೆ ತಲೆಕೆಡಿಸಿಕೊಳ್ಳಬೇಕು? ಡೆಂಗಿ, ಮಂಗನ ಕಾಯಿಲೆ, ಹಾವು ಕಡಿತಗಳ ಶಿವಮೊಗ್ಗ ಜಿಲ್ಲೆಯಲ್ಲಿ ಈ ಪ್ರಶ್ನೆ ನ್ಯಾಯವಾದದ್ದೇ. 1994ರಲ್ಲಿ ಪ್ರಕಟವಾದ ಕೆನಡಾದ ದಾಖಲೆಯಂತೆ, ಕಾಲಿನದೂ ಶ್ವಾಸಕೋಶದ್ದೂ ಸೇರಿ ಇಂಥ ಹೆಪ್ಪು ಕಂಡದ್ದು ಪ್ರತಿ 10,000 ಮಕ್ಕಳಲ್ಲಿ 0.07 ಮಂದಿಯಲ್ಲಿ. ಆದರೆ ಆಸ್ಪತ್ರೆಗೆ ದಾಖಲಾದವರನ್ನಷ್ಟೇ ಎಣಿಸಿದಾಗ ಅದು 10,000ಕ್ಕೆ 5.3, ಅಂದರೆ ಸುಮಾರು 75 ಪಟ್ಟು. ಅಪರೂಪವೆಂಬುದು ಊರಿಗೆಲ್ಲ ಸಮನಾಗಿ ಹರಡಿಲ್ಲ, ವಾರ್ಡಿನಲ್ಲಿ ಗುಂಪುಗಟ್ಟಿದೆ. ಅಲ್ಲಿರುವ ಮಕ್ಕಳು ಯಾರೆಂದು ವೈದ್ಯರಿಗೆ ಮೊದಲೇ ಗೊತ್ತು: ದೊಡ್ಡ ನಾಳಕ್ಕೆ ಕೊಳವೆ ಹಾಕಿಸಿಕೊಂಡವರು, ರಕ್ತದ ಕ್ಯಾನ್ಸರಿಗೆ ಆಸ್ಪ್ಯಾರಜಿನೇಸ್ ಪಡೆಯುತ್ತಿರುವವರು, ಮೂಳೆ ಮುರಿದು ವಾರಗಟ್ಟಲೆ ಮಲಗಿದವರು, ಲೂಪಸ್ ಇರುವವರು, ಬೊಜ್ಜಿನ ಹದಿಹರೆಯದವರು. ನಮ್ಮ ಕಡೆ ಇನ್ನೂ ಎರಡನ್ನು ಒತ್ತಿ ಹೇಳಬೇಕು. ಮುಖ, ಕಾಲು ಬಾತು ಬರುವ ನೆಫ್ರೋಟಿಕ್ ಸಿಂಡ್ರೋಮ್‌ನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಪ್ರೋಟೀನೇ ಮೂತ್ರದಲ್ಲಿ ಸೋರಿಹೋಗುತ್ತದೆ. ಆಟದಲ್ಲಿ ಮೊಣಕಾಲಿಗೆ ಪೆಟ್ಟಾಗಿ, ಸ್ಟೆಫೈಲೊಕಾಕಸ್ ಸೋಂಕು ಮೂಳೆಗಿಳಿದ ಹುಡುಗನ ಪಕ್ಕದ ನಾಳದಲ್ಲಿ ಹೆಪ್ಪುಗಟ್ಟಿ, ಕೀವಿನ ತುಣುಕುಗಳು ಶ್ವಾಸಕೋಶ ಸೇರುವುದನ್ನು ಭಾರತದ ಮಕ್ಕಳ ವೈದ್ಯರು ಹಲವು ಬಾರಿ ವರದಿ ಮಾಡಿದ್ದಾರೆ. ಅದನ್ನು ಬರೀ ನ್ಯುಮೋನಿಯಾ ಎಂದುಕೊಂಡರೆ ಕಾಲಿನತ್ತ ಯಾರ ಕಣ್ಣೂ ಹೋಗುವುದಿಲ್ಲ.

ತಾಲ್ಲೂಕು ಕೇಂದ್ರವಾದ ಭದ್ರಾವತಿಯಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಸುಮಾರು 20 ಕಿಲೋಮೀಟರ್. 2007ರಿಂದ ಅದು ಸಿಮ್ಸ್ ವೈದ್ಯಕೀಯ ಕಾಲೇಜಿನ ಬೋಧನಾ ಆಸ್ಪತ್ರೆ. ದೂರ ಇಲ್ಲಿ ನೆಪವಾಗಲಾರದು. ಹೃದಯಾಘಾತಕ್ಕಾಗಿ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಒಂದು ಒಳ್ಳೆಯ ದಾರಿ ಹಾಕಿದೆ: ತಾಲ್ಲೂಕಿನಲ್ಲಿ ಇಸಿಜಿ, ದೊಡ್ಡ ಆಸ್ಪತ್ರೆಯ ತಜ್ಞರ ಸಲಹೆ, ಬೇಕಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಉಚಿತ. ಎಲ್ಲ ತಾಲ್ಲೂಕಿಗೂ ಇದನ್ನು ವಿಸ್ತರಿಸುವುದಾಗಿ ಸರ್ಕಾರ ಹೇಳಿದೆ. ನನ್ನ ಆತಂಕವಿರುವುದು ಈ ದಾರಿಯ ಒಂದು ತಿರುವಿನಲ್ಲಿ. ಶ್ವಾಸಕೋಶದ ಹೆಪ್ಪಿನಲ್ಲಿ ಇಸಿಜಿ ಬಹಳ ಸಲ ಬರೀ ನಾಡಿ ವೇಗವಾಗಿದೆ ಎಂದಷ್ಟೇ ತೋರಿಸುತ್ತದೆ. ಹಾರ್ಟ್ ಅಟ್ಯಾಕ್ ಅಲ್ಲ ಎಂಬ ಉತ್ತರ ಬಂದೊಡನೆ ಎಲ್ಲರೂ ನಿಟ್ಟುಸಿರು ಬಿಡುತ್ತಾರೆ, ಗ್ಯಾಸ್ಟ್ರಿಕ್ಕೋ ಪರೀಕ್ಷೆಯ ಭಯವೋ ಎಂದು ಮಗುವನ್ನು ಮನೆಗೆ ಕಳಿಸುತ್ತಾರೆ. ಆ ಉತ್ತರದ ಕೆಳಗೇ ಇನ್ನೊಂದು ಸಾಲು ಬರೆದಿರಬೇಕು: ಆಕ್ಸಿಜನ್ ಎಷ್ಟಿದೆ, ಕಾಲು ಊದಿದೆಯೇ, ಮೇಲೆ ಹೇಳಿದ ಕಾರಣಗಳಲ್ಲಿ ಯಾವುದಾದರೂ ಇದೆಯೇ? ಇದ್ದರೆ ಮೆಗ್ಗಾನ್‌ಗೆ ಫೋನ್ ಮಾಡಿ, ಅನುಮಾನ ಬಲವಾಗಿದ್ದು ರಕ್ತಸ್ರಾವದ ಅಪಾಯವಿಲ್ಲದಿದ್ದರೆ ರಕ್ತ ತೆಳುವಾಗಿಸುವ ಹೆಪಾರಿನ್ ಅಥವಾ ಎನಾಕ್ಸಪಾರಿನ್ ಅನ್ನು ತೂಕಕ್ಕೆ ತಕ್ಕಂತೆ ಕೊಟ್ಟೇ ಆಂಬುಲೆನ್ಸ್ ಹತ್ತಿಸುವುದು. ಸಿಟಿ ಸ್ಕ್ಯಾನ್ ಆಮೇಲೆ. 300 ಕಿಲೋಮೀಟರ್ ದೂರದ ಬೆಂಗಳೂರಿಗೆ ಬರಿಗೈಲಿ ಕಳಿಸುವುದಕ್ಕಿಂತ ಇದು ಎಷ್ಟೋ ಮೇಲು.

ಹೀಗೆ ಹೇಳಿದರೆ ಏದುಸಿರು ಬಿಟ್ಟ ಮಕ್ಕಳಿಗೆಲ್ಲ ಸಿಟಿ ಮಾಡಿ ವಿಕಿರಣಕ್ಕೆ ಒಡ್ಡುತ್ತಾರೆ ಎಂಬ ಎಚ್ಚರಿಕೆ ಬರುತ್ತದೆ. ನಾನೂ ಅದನ್ನು ಒಪ್ಪುತ್ತೇನೆ, ಅದಕ್ಕೇ ಅಪಾಯದ ಕಾರಣವುಳ್ಳವರೆಂಬ ಗೆರೆ ಬೇಕು. ಹೆಪ್ಪಿನ ಸಾಧ್ಯತೆ ಅಳೆಯಲು ದೊಡ್ಡವರಿಗಾಗಿ ಮಾಡಿದ ಅಂಕಪಟ್ಟಿಗಳೂ ಡಿ-ಡೈಮರ್ ರಕ್ತಪರೀಕ್ಷೆಯೂ ಮಕ್ಕಳಲ್ಲಿ ಅಷ್ಟು ನಂಬಿಕೆಗೆ ಅರ್ಹವಲ್ಲ. ಊದಿದ ಕಾಲಿಗೆ ಮೊದಲು ಡಾಪ್ಲರ್ ಸ್ಕ್ಯಾನ್ ಮಾಡಬಹುದು, ಅದರಲ್ಲಿ ವಿಕಿರಣವಿಲ್ಲ. ರಕ್ತ ತೆಳುವಾಗಿಸುವ ಮದ್ದಿನಿಂದ ರಕ್ತಸ್ರಾವವಾದರೆ ಯಾರು ಹೊಣೆ ಎಂಬುದು ಇನ್ನೂ ಗಂಭೀರ ಆಕ್ಷೇಪ. ಇಲ್ಲಿ ಎರಡು ಮದ್ದುಗಳನ್ನು ಬೇರೆಬೇರೆಯಾಗಿ ನೋಡಬೇಕು. ಹೆಪ್ಪು ಕರಗಿಸುವ ಚುಚ್ಚುಮದ್ದಿನ ಅಪಾಯ ದೊಡ್ಡದು, ಮಕ್ಕಳಲ್ಲಿ ಪುರಾವೆಯೂ ತೆಳು. ಆದ್ದರಿಂದಲೇ ಅಮೆರಿಕದ ರಕ್ತರೋಗ ತಜ್ಞರ ಸಂಘ 2018ರ ಮಾರ್ಗಸೂಚಿಯಲ್ಲಿ ಅದನ್ನು ರಕ್ತದೊತ್ತಡ ಕುಸಿದ ಮಕ್ಕಳಿಗೆ ಸೂಚಿಸಿದೆ. ಉಳಿದವರಿಗೆ ಹೆಪ್ಪು ಬೆಳೆಯದಂತೆ ತಡೆಯುವ ಮದ್ದಷ್ಟೇ ಸಾಕು. ಈ ಎರಡನೆಯ ಬಗೆಗೆ ಪುರಾವೆ ಗಟ್ಟಿಯಾಗಿದೆ. 500 ಮಕ್ಕಳ ಮೇಲೆ ನಡೆದ ಐನ್‌ಸ್ಟೈನ್-ಜೂನಿಯರ್ ಪ್ರಯೋಗದಲ್ಲಿ ಮೊದಲ ಕೆಲವು ದಿನ ಹೆಪಾರಿನ್ ಬಗೆಯ ಚಿಕಿತ್ಸೆ ಪಡೆದು, ನಂತರ ರಿವರೊಕ್ಸಬಾನ್ ತೆಗೆದುಕೊಂಡವರಲ್ಲಿ ಹೆಪ್ಪು ಮರುಕಳಿಸಿದ್ದು ಶೇ 1, ಹಳೆಯ ಚಿಕಿತ್ಸೆಯಲ್ಲಿ ಶೇ 3. ಗಮನಿಸಬೇಕಾದ ರಕ್ತಸ್ರಾವ ಕ್ರಮವಾಗಿ ಶೇ 3 ಮತ್ತು ಶೇ 2. ಅಂದರೆ ಅಪಾಯವಿದೆ, ಆದರೆ ಕೈಕಟ್ಟಿ ಕೂರುವಷ್ಟಿಲ್ಲ.

ಚಿಕಿತ್ಸೆ ಶುರುವಾದ ಮೇಲಿನ ತಿಂಗಳುಗಳ ಬಗ್ಗೆ ಚರ್ಚೆ ಇನ್ನೂ ಕಡಿಮೆ. ರಕ್ತ ತೆಳುವಾಗಿಸುವ ಹಳೆಯ ಮಾತ್ರೆ ವಾರ್ಫರಿನ್ ಅಗ್ಗ, ಆದರೆ ರಕ್ತ ಎಷ್ಟು ನಿಧಾನವಾಗಿ ಹೆಪ್ಪುಗಟ್ಟುತ್ತದೆಂದು ನೋಡಲು ಪದೇ ಪದೇ ಐಎನ್‌ಆರ್ ಪರೀಕ್ಷೆ ಬೇಕು. ಒಂದು ವಾರ ನುಗ್ಗೆಸೊಪ್ಪು, ಇನ್ನೊಂದು ವಾರ ಬರೀ ಬೇಳೆಸಾರು ಎಂದಾದರೆ ಮದ್ದಿನ ಪ್ರಮಾಣದ ಲೆಕ್ಕ ತಪ್ಪುತ್ತದೆ. ಎಂಪಿಎಂ ಕಾಗದ ಕಾರ್ಖಾನೆಯ ಯಂತ್ರಗಳು ನಿಂತ ಭದ್ರಾವತಿಯಲ್ಲಿ ದಿನಗೂಲಿ ಬಿಟ್ಟು ರಕ್ತಪರೀಕ್ಷೆಗೆ ಮತ್ತೆಮತ್ತೆ ಶಿವಮೊಗ್ಗಕ್ಕೆ ಬನ್ನಿ ಎಂದರೆ ಮೂರನೆಯ ಸಲ ಯಾರೂ ಬರುವುದಿಲ್ಲ. ಆ ಓಡಾಟ ತಪ್ಪಿಸುವ ಡಾಬಿಗಟ್ರಾನ್ 2022ರ ರಾಷ್ಟ್ರೀಯ ಅಗತ್ಯ ಔಷಧ ಪಟ್ಟಿಯಲ್ಲಿದೆ. ಅದೇ ವರ್ಷ ಪ್ರಕಟವಾದ ಕಿಡ್ಸ್-ಡಾಟ್ ಅಧ್ಯಯನ ಇನ್ನೊಂದು ಅನುಕೂಲ ತೋರಿಸಿತು: ತಾತ್ಕಾಲಿಕ ಕಾರಣದಿಂದ ಬಂದ ಹೆಪ್ಪಿನಲ್ಲಿ, ಆರು ವಾರಕ್ಕೆ ಮತ್ತೆ ನೋಡಿದಾಗ ನಾಳ ಪೂರ್ತಿ ಮುಚ್ಚಿಕೊಂಡಿಲ್ಲದ ಹದಿಹರೆಯದವರೂ ಮಕ್ಕಳೂ ಮೂರು ತಿಂಗಳ ಬದಲು ಆರು ವಾರಕ್ಕೇ ಮದ್ದು ನಿಲ್ಲಿಸಬಹುದು. ಎಲ್ಲರಿಗೂ ಇದು ಹೊಂದುವುದಿಲ್ಲ. ಲೂಪಸ್, ಕ್ಯಾನ್ಸರ್ ಇದ್ದವರ ಲೆಕ್ಕ ಬೇರೆ. ಆದರೆ ಆರನೇ ವಾರದ ಆ ಸ್ಕ್ಯಾನ್ ಯಾವ ದಿನ, ಎಲ್ಲಿ ಎಂಬುದನ್ನು ಡಿಸ್ಚಾರ್ಜ್ ಚೀಟಿಯಲ್ಲೇ ಬರೆದು, ಭದ್ರಾವತಿಯ ಮಕ್ಕಳ ತಜ್ಞರಿಗೆ ಅದರ ಪ್ರತಿ ಕಳಿಸುವ ಕೆಲಸವನ್ನು ಸಿಮ್ಸ್ ನಾಳೆಯೇ ಆರಂಭಿಸಬಹುದು. ಅದಕ್ಕೆ ಬೆಂಗಳೂರಿನ ಆದೇಶ ಬೇಕಿಲ್ಲ.