ಮುಧೋಳ ನಾಯಿ ಕೊಳ್ಳುವವರೇ, ಅದರ ಅಪ್ಪ-ಅವ್ವ ಓಡಿದ್ದನ್ನು ನೋಡಿದ್ದೀರಾ?

ಸಂತೆಯಲ್ಲಿ ಎತ್ತು ಕೊಳ್ಳುವಾಗ ನಮ್ಮ ಹಿರಿಯರು ಏನು ಮಾಡುತ್ತಾರೆ? ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾರೆ. ಸುಳಿ ನೋಡುತ್ತಾರೆ. ನಾಲ್ಕು ಹೆಜ್ಜೆ ನಡೆಸಿ ಕಾಲು ಎಳೆಯುತ್ತದಾ ಅಂತ ನೋಡುತ್ತಾರೆ. ಗಾಡಿಗೆ ಹೂಡಿ ನೋಡದೆ ದುಡ್ಡು ಬಿಚ್ಚದವರೂ ಇದ್ದಾರೆ.

ಅದೇ ಮನೆಯ ಹುಡುಗ ಮುಧೋಳ ನಾಯಿಮರಿ ಕೊಳ್ಳುವಾಗ ಮಾತ್ರ ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೋ ನೋಡಿ ಮೊಬೈಲ್‌ನಲ್ಲೇ ದುಡ್ಡು ಹಾಕುತ್ತಾನೆ. ಅವನು ಕೇಳುವುದು ಎರಡೇ ಪ್ರಶ್ನೆ. "ಬಣ್ಣ ಯಾವ್ದೈತ್ರಿ? ಎತ್ತರ ಎಷ್ಟಾಗತೈತ್ರಿ?" ಇದರ ಅಪ್ಪ ಓಡುತ್ತದಾ, ಅವ್ವ ಓಡುತ್ತದಾ ಎಂದು ಯಾರೂ ಕೇಳುವುದಿಲ್ಲ.

ಇದು ತಪ್ಪು ಎಂದು ನಾವು ನೇರವಾಗಿಯೇ ಹೇಳುತ್ತೇವೆ. ಹೀಗೇ ಮುಂದುವರಿದರೆ ಮುಧೋಳ ನಾಯಿ ಎಂಬ ಹೆಸರು ಉಳಿಯುತ್ತದೆ, ಮುಧೋಳ ನಾಯಿ ಉಳಿಯುವುದಿಲ್ಲ.

ಈ ನಾಯಿಯ ಮೈಕಟ್ಟು ನೋಡಿ. ಉದ್ದ ಮೂತಿ, ಆಳವಾದ ಎದೆ, ಒಳಗೆ ಸೇರಿದ ಹೊಟ್ಟೆ, ಉದ್ದ ಕಾಲು. ಇದು ಚೆಂದಕ್ಕೆಂದು ಬಂದ ಆಕಾರವಲ್ಲ. ನೆಲ ಮೂಸಿ ಹುಡುಕುವ ನಾಯಿಗಳ ಜಾತಿ ಬೇರೆ. ಇದು ದೂರದಲ್ಲಿ ಅಲುಗಾಡಿದ್ದನ್ನು ಕಣ್ಣಿನಿಂದ ಕಂಡು, ಬೆನ್ನಟ್ಟಿ ಹಿಡಿಯುವ ನಾಯಿ. ಬಯಲುಸೀಮೆಯ ಬಿಸಿಲಲ್ಲಿ, ಕಲ್ಲು ನೆಲದಲ್ಲಿ ಮೊಲದ ಹಿಂದೆ ಓಡಿ ಓಡಿ ಆದ ಮೈ ಇದು. ಚೆನ್ನಾಗಿ ಓಡಿದ ನಾಯಿಯ ಮರಿಯನ್ನು ಊರವರು ಕೇಳಿ ಪಡೆಯುತ್ತಿದ್ದರು. ಓಡದ ನಾಯಿಯ ಮರಿ ಯಾರಿಗೂ ಬೇಕಿರಲಿಲ್ಲ. ಮುಧೋಳ ಸಂಸ್ಥಾನದ ಘೋರ್ಪಡೆ ರಾಜರು ಈ ನಾಯಿಗೆ ಹೆಸರು ತಂದುಕೊಟ್ಟರು, ನಿಜ. ಆದರೆ ಅದಕ್ಕೂ ಮೊದಲು ತಲೆಮಾರುಗಟ್ಟಲೆ ಇದನ್ನು ಪರೀಕ್ಷೆ ಮಾಡಿದವರು ಹಳ್ಳಿಯ ಬೇಟೆಗಾರರು. ಹೊಲವೇ ಅವರ ಪರೀಕ್ಷಾ ಕೊಠಡಿ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ನಾಯಿ ಬಿಟ್ಟು ಕಾಡುಪ್ರಾಣಿಯನ್ನು ಬೆನ್ನಟ್ಟಿಸುವುದೂ ಆ ಕಾಯ್ದೆಯ ಪ್ರಕಾರ ಬೇಟೆಯೇ. ಕಾಯ್ದೆ ಸರಿ ಇದೆ, ನಾವು ಅದರ ಪರವೇ. ಇವತ್ತಿಗೂ ರಾತ್ರಿ ಬ್ಯಾಟರಿ ಹಿಡಿದು ಮೊಲಕ್ಕೆ ನಾಯಿ ಬಿಟ್ಟು, ಆ ವಿಡಿಯೋವನ್ನು ಸ್ಟೇಟಸ್‌ಗೆ ಹಾಕುವವರು ನಾಯಿ ಉಳಿಸುತ್ತಿಲ್ಲ, ಅಪರಾಧ ಮಾಡುತ್ತಿದ್ದಾರೆ.

ಆದರೆ ಬೇಟೆ ನಿಂತಾಗ ಅದರ ಜೊತೆಗೆ ಪರೀಕ್ಷೆಯೂ ನಿಂತಿತು. ಅದರ ಜಾಗಕ್ಕೆ ನಾವು ಬೇರೆ ಪರೀಕ್ಷೆ ತರಲಿಲ್ಲ. ಫೋಟೋ ತಂದೆವು.

ಬೇರೆ ಕಡೆ ಏನು ಮಾಡಿದರು ನೋಡಿ. ಜರ್ಮನಿಯಲ್ಲಿ ಡ್ರಾಟ್‌ಹಾರ್ ಎಂಬ ಒರಟು ಕೂದಲಿನ ಹಕ್ಕಿಬೇಟೆ ನಾಯಿ ಇದೆ. ಹಕ್ಕಿಯ ವಾಸನೆ ಸಿಕ್ಕರೆ ಬೊಗಳದೆ, ಮುಂದೆ ನುಗ್ಗದೆ, ಕಲ್ಲಿನಂತೆ ನಿಂತು ಯಜಮಾನನಿಗೆ ತೋರಿಸುವುದು ಅದರ ಕೆಲಸ. ಅಲ್ಲಿಯ ತಳಿ ಸಂಘದ ನಿಯಮ ಗಟ್ಟಿ: ಕೆಲಸದ ಪರೀಕ್ಷೆ ಪಾಸಾಗದ ನಾಯಿಯಿಂದ ಮರಿ ಹಾಕಿಸುವಂತಿಲ್ಲ. ಎಳೆಯ ನಾಯಿಗೆ ವಸಂತದಲ್ಲಿ ಒಂದು ಪರೀಕ್ಷೆ. ಮೂಗು ಹೇಗಿದೆ, ಹೊಲದಲ್ಲಿ ಹೇಗೆ ಹುಡುಕುತ್ತದೆ, ಹಕ್ಕಿ ಕಂಡಾಗ ನಿಲ್ಲುತ್ತದಾ, ಯಜಮಾನನ ಜೊತೆ ಹೊಂದಿಕೊಂಡು ಕೆಲಸ ಮಾಡುತ್ತದಾ ಎಂದು ನೋಡುತ್ತಾರೆ. ಮೊಲ ಎದ್ದು ಓಡಿ ಕಣ್ಮರೆಯಾದ ಮೇಲೆ ಅದರ ಜಾಡಿಗೆ ನಾಯಿ ಬಿಟ್ಟು, ಎಷ್ಟು ದೂರ ಬಿಡದೆ ಹಿಡಿದು ಹೋಗುತ್ತದೆ ಎಂದು ಅಂಕ ಕೊಡುತ್ತಾರೆ. ಶರತ್ಕಾಲದಲ್ಲಿ ನೀರಿನ ಕೆಲಸವೂ ಸೇರಿದ ಇನ್ನೊಂದು ಪರೀಕ್ಷೆ. ಅಪ್ಪ-ಅವ್ವನ ಫಲಿತಾಂಶ ದಾಖಲೆಯಲ್ಲಿರುತ್ತದೆ. ಮರಿ ಕೊಳ್ಳುವವನು ಅದನ್ನು ಓದಿ ಕೊಳ್ಳುತ್ತಾನೆ.

"ಅಲ್ಲಿ ಬೇಟೆಗೆ ಅನುಮತಿ ಇದೆ, ನಮಗಿಲ್ಲವಲ್ಲ" ಎನ್ನುತ್ತೀರಿ. ಸರಿ, ನಮ್ಮ ನಾಯಿಯಂತೆಯೇ ಕಣ್ಣಿನಿಂದ ಬೆನ್ನಟ್ಟುವ ನಾಯಿಗಳ ಕಥೆ ಕೇಳಿ. ನಮ್ಮಲ್ಲಿ ಕಾಯ್ದೆ ಬಂದ ಅದೇ 1972ರಲ್ಲಿ ಅಮೆರಿಕದಲ್ಲಿ ಇಂಥ ನಾಯಿ ಸಾಕುವವರು ಒಂದು ಸಂಘ ಕಟ್ಟಿಕೊಂಡರು. ಬಯಲಿನಲ್ಲಿ ಅಲ್ಲಲ್ಲಿ ನೆಲಕ್ಕೆ ರಾಟೆ ಬಡಿದು, ಹಗ್ಗ ಹಾಯಿಸಿ, ತುದಿಗೆ ಬಿಳಿ ಪ್ಲಾಸ್ಟಿಕ್ ಚೀಲ ಕಟ್ಟಿ ಮೋಟಾರ್‌ನಿಂದ ಎಳೆಯುತ್ತಾರೆ. ಚೀಲ ಮೊಲದಂತೆ ಅಂಕುಡೊಂಕಾಗಿ ಓಡುತ್ತದೆ. ಅದರ ಹಿಂದೆ ನಾಯಿ ಬಿಟ್ಟು ಉತ್ಸಾಹ, ಬೆನ್ನು ಬಿಡದಿರುವುದು, ವೇಗ, ತಿರುವಿನ ಚುರುಕು, ದಮ್ಮು ಎಂದು ಐದು ಗುಣಗಳಿಗೆ ಅಂಕ ಕೊಡುತ್ತಾರೆ. ಒಂದು ಮೊಲವೂ ಸಾಯುವುದಿಲ್ಲ.

ರಾಟೆ, ಹಗ್ಗ, ಮೋಟಾರ್, ಪ್ಲಾಸ್ಟಿಕ್ ಚೀಲ. ಇದರಲ್ಲಿ ನಮ್ಮೂರಲ್ಲಿ ಸಿಗದ್ದು ಯಾವುದು? ಸುಗ್ಗಿ ಮುಗಿದ ಮೇಲೆ ಖಾಲಿ ಹೊಲಕ್ಕೆ ಬರವೇ?

ಇಲ್ಲೊಂದು ಎಚ್ಚರಿಕೆ ಇದೆ. ಬರೀ ವೇಗಕ್ಕೆ ಬಹುಮಾನ ಇಟ್ಟರೆ ಕೆಲಸ ಕೆಡುತ್ತದೆ. ನೇರ ಓಟದಲ್ಲಿ ಗೆಲ್ಲಿಸಲು ಗ್ರೇಹೌಂಡ್ ಬೆರಕೆ ಮಾಡುವ ಆಸೆ ಹುಟ್ಟುತ್ತದೆ, ನಾವೇ ತಳಿ ಕೆಡಿಸಿದಂತಾಗುತ್ತದೆ. ಮುಧೋಳದ ಗುಣ ಇರುವುದು ದಮ್ಮಿನಲ್ಲಿ, ತಿರುವಿನಲ್ಲಿ, ನಮ್ಮ ನೆಲ ತಾಳಿಕೊಳ್ಳುವ ಕಾಲಿನಲ್ಲಿ. ಅದಕ್ಕೇ ಅಂಕ ಸಿಗಬೇಕು. ವರ್ಷ ತುಂಬದ ಎಳೆ ನಾಯಿಯನ್ನು ಓಡಿಸಬಾರದು. ಓಟಕ್ಕೆ ಮೊದಲೂ ಆಮೇಲೂ ಪಶುವೈದ್ಯರು ಕಾಲು ನೋಡಬೇಕು. ಬಿಸಿಲೇರುವ ಮೊದಲೇ ಮುಗಿಸಬೇಕು. ಜೂಜು ಹತ್ತಿರ ಸುಳಿಯಬಾರದು.

"ಬೇಟೆಯೇ ಇಲ್ಲವೆಂದ ಮೇಲೆ ಬೇಟೆಯ ಗುಣ ಯಾಕೆ ಬೇಕು?" ಎಂದು ಕೇಳುವವರಿಗೆ ನಮ್ಮ ಉತ್ತರ ಇಷ್ಟೇ. ಬಾಗಿಲು ಕಾಯಲು ನಾಯಿ ಬೇಕಿದ್ದರೆ ಓಣಿಯ ನಾಯಿಗೆ ಒಂದು ರೊಟ್ಟಿ ಹಾಕಿ, ಅದು ಚೆನ್ನಾಗಿಯೇ ಕಾಯುತ್ತದೆ. ಓಟ ತೆಗೆದರೆ ಮುಧೋಳದಲ್ಲಿ ಉಳಿಯುವುದು ಸಣಕಲು ಆಕಾರ ಮಾತ್ರ. ಎದೆ, ಕಾಲು, ಉಸಿರು ಗಟ್ಟಿ ಇದೆಯಾ ಎಂದು ಓಟ ತೋರಿಸಿಕೊಡುತ್ತದೆ. ಫೋಟೋ ತೋರಿಸುವುದಿಲ್ಲ. ಒಂದೇ ಮನೆಯ ಅಣ್ಣ-ತಂಗಿ ನಾಯಿಗಳನ್ನು ಕೂಡಿಸಿ ಹುಟ್ಟಿಸಿದ ಮರಿಯೂ ಫೋಟೋದಲ್ಲಿ ಚೆಂದವೇ ಕಾಣುತ್ತದೆ.

ಹೆಸರಿಗೆ ಈ ನಾಯಿಗೇನೂ ಕೊರತೆಯಿಲ್ಲ. 2005ರಲ್ಲಿ ಅಂಚೆ ಚೀಟಿಯಲ್ಲಿ ಬಂತು. 2016ರಲ್ಲಿ ಸೇನೆ ಮರಿಗಳನ್ನು ಮೀರತ್‌ಗೆ ತರಬೇತಿಗೆ ಒಯ್ದಿತು. 2020ರಲ್ಲಿ ಪ್ರಧಾನಿ 'ಮನ್ ಕೀ ಬಾತ್'ನಲ್ಲಿ ಹೆಸರು ಹೇಳಿದರು. ಹೆಸರು ಬಂದರೆ ಗಿರಾಕಿ ಬರುತ್ತಾರೆ, ಅವರ ಹಿಂದೆಯೇ ವರ್ಷಪೂರ್ತಿ ಮರಿ ಹಾಕಿಸುವ ದಂಧೆಯೂ ಬರುತ್ತದೆ. ಕೇಂದ್ರ ಸರ್ಕಾರದ 2017ರ ನಾಯಿ ಸಾಕಣೆ ನಿಯಮದಲ್ಲಿ ಸ್ಪಷ್ಟವಾಗಿದೆ: ಎಂಟು ವಾರ ತುಂಬದ ಮರಿ ಮಾರುವಂತಿಲ್ಲ, ಹದಿನೆಂಟು ತಿಂಗಳಾಗದ ಹೆಣ್ಣಿನಿಂದ ಮರಿ ಹಾಕಿಸುವಂತಿಲ್ಲ, ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಇಲ್ಲ, ಜೀವಮಾನದಲ್ಲಿ ಐದು ಸಲಕ್ಕಿಂತ ಹೆಚ್ಚಿಲ್ಲ.

ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರ್ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. ಚೀಲದ ಓಟದ ಪರೀಕ್ಷೆಯನ್ನು ವರ್ಷಕ್ಕೊಮ್ಮೆ ನಡೆಸಿ, ಅಂಕಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಇಡಲು ಅದಕ್ಕಿಂತ ಸರಿಯಾದ ಜಾಗವಿಲ್ಲ. ತೀರ್ಪುಗಾರರ ಸಾಲಿನಲ್ಲಿ ವೈದ್ಯರ ಪಕ್ಕ ಊರಿನ ಹಳೆಯ ನಾಯಿ ಸಾಕುವವರೂ ಕೂರಬೇಕು. ಈ ನಾಯಿಯ ಓಟ ಓದಬಲ್ಲ ಕಣ್ಣು ಅವರದು. ಅವರು ಹೋದ ಮೇಲೆ ಆ ಕಣ್ಣೂ ಹೋಗುತ್ತದೆ.

ಸರ್ಕಾರ ಮಾಡುವ ತನಕ ನೀವು ಕೈಕಟ್ಟಿ ಕೂರಬೇಕಿಲ್ಲ. ಮರಿ ಕೊಳ್ಳುವ ಮೊದಲು ಮಾರುವವರ ಊರಿಗೇ ಹೋಗಿ, ಮೂರು ಮಾತು ಕೇಳಿ. ಇದರ ಅವ್ವನನ್ನು ತೋರಿಸುತ್ತೀರಾ? ಅದಕ್ಕೆ ಇದು ಎಷ್ಟನೇ ಸಲ ಮರಿ? ಅಪ್ಪ-ಅವ್ವನನ್ನು ಬಯಲಿನಲ್ಲಿ ಚೀಲದ ಹಿಂದೆ ಓಡಿಸಿ ತೋರಿಸುತ್ತೀರಾ?

ಮೂರಕ್ಕೂ ಹೂಂ ಅಂದರೆ ದುಡ್ಡು ಕೊಡಿ. ಇಲ್ಲವೆಂದರೆ ಬಸ್ಸು ಹತ್ತಿ ವಾಪಸ್ ಬನ್ನಿ.